ಚೊಚ್ಚಲ ಹೆರಿಗೆಯ ವಿಳಾಸ

ಕಳೆದ ವಾರ ಊಟಕ್ಕೆ ಕೂತಾಗ ಹೆಂಡತಿ ಕೇಳಿದ ಒಂದು ಪ್ರಶ್ನೆಗೆ, ಮುರಿದ ರೊಟ್ಟಿಯನ್ನು ವಾಪಸು ತಟ್ಟೆಗೇ ಇಟ್ಟೆ.

"ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಯಾರ್ ಮಾಡ್ತಾರ್ರಿ?"

ಮೊದಲಿನಿಂದ ಹೇಳುತ್ತೇನೆ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವ ಶರಣಮ್ಮ ದತ್ತುಮಗಳು. ಸಾಕಿದ ತಂದೆ ಕೊನೆಗಾಲದಲ್ಲಿ ಅವಳಿಗೆ ಇಷ್ಟು ಹೇಳಿದ್ದರು: ಹೆತ್ತ ಅಪ್ಪ ಹುಮನಾಬಾದಿನವನು, ಹೆಸರು ಇಂಥದ್ದು, ಚೊಚ್ಚಲ ಮಗಳಾದ ನೀನು ಹುಟ್ಟುವ ಮೊದಲೇ ತೀರಿಕೊಂಡ. ತಾಯಿಗೆ ಮರುಮದುವೆ ಮಾಡುವಾಗ ನಿನ್ನನ್ನು ನಮಗೆ ಕೊಟ್ಟರು. ತಾಯಿಯ ಹೆಸರು ಕೇಳುವಷ್ಟರಲ್ಲಿ ಅವರ ಮಾತು ನಿಂತಿತ್ತು; ಸಾಕಿದ ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಶರಣಮ್ಮನಿಗೆ ಆ ತಾಯಿಯ ಮುಖ ಒಮ್ಮೆ ನೋಡಬೇಕಿತ್ತು, ಅಷ್ಟೇ.

ನಾನು ಬಿಡುತ್ತೇನೆಯೇ? ಮೂವತ್ತು ವರ್ಷ ಸರ್ಕಾರಿ ಫೈಲು ತಿರುವಿದವನು! ಜನನ ರಿಜಿಸ್ಟರಿನಲ್ಲಿ ತಾಯಿಯ ಹೆಸರು, ವಿಳಾಸ ಎಲ್ಲ ಇರುತ್ತದೆ, ನಡೆ ಹುಮನಾಬಾದಿಗೆ ಎಂದೆ. ಅರ್ಜಿ ಕೊಟ್ಟೆವು. ಅವಳು ಹುಟ್ಟಿದ ವರ್ಷ ಹುಡುಕಿಸಿದೆ, ಹಿಂದಿನ ವರ್ಷ, ಮುಂದಿನ ವರ್ಷ. ಅಪ್ಪನ ಹೆಸರು ಎಲ್ಲೂ ಇಲ್ಲ. (ಗುಮಾಸ್ತರು ಸರಿಯಾಗಿ ನೋಡಿಲ್ಲವೆಂದು ಜಗಳವನ್ನೂ ಆಡಿದೆ. ಪಾಪ, ಅವರದೇನು ತಪ್ಪು?) ಬೇರೆ ಊರಲ್ಲಿ ನೋಡೋಣವೇ ಎಂದು ಶರಣಮ್ಮ ಒಮ್ಮೆ ಮೆಲ್ಲಗೆ ಕೇಳಿದಳು. ಅಪ್ಪನ ಊರು ಬಿಟ್ಟು ಎಲ್ಲಿ ಹುಡುಕುತ್ತೀ ಎಂದು ಬಾಯಿ ಮುಚ್ಚಿಸಿದೆ.

ಒಂದೂವರೆ ವರ್ಷ ಹೀಗೇ ಓಡಾಡಿದೆವು. ಮನೆಯಲ್ಲಿ ವಿಷಯ ಎತ್ತಲಿಲ್ಲ. ಆಫೀಸಿನ ಕೆಲಸ ಹೆಂಡತಿಗೇನು ತಿಳಿಯುತ್ತದೆ?

ಕಳೆದ ವಾರ ಮತ್ತೆ ಬರಿಗೈಲಿ ಬಂದು, ಬೇಸರಕ್ಕೆ ಎಲ್ಲ ಹೇಳಿಕೊಂಡೆ. ಆಗಲೇ ಆ ಪ್ರಶ್ನೆ ಬಂದದ್ದು. ಅಪ್ಪನಿಲ್ಲದ ಕೂಸನ್ನು ನಮ್ಮೂರಿನವರಿಗೆ ಕೊಟ್ಟರೆಂದರೆ ಕೊಟ್ಟವರು ತವರಿನವರೇ, ತವರು ಇಲ್ಲೇ ಇರಬೇಕು ಎಂದೂ ಹೇಳಿದಳು.

ಮರುದಿನ ನಮ್ಮೂರಿನ ರಿಜಿಸ್ಟರ್ ತೆಗೆಸಿದೆವು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಪ್ಪನ ಹೆಸರು, ಪಕ್ಕದಲ್ಲಿ ತಾಯಿಯ ಹೆಸರು, ತವರಿನ ವಿಳಾಸ. ನಮ್ಮ ಮನೆಯಿಂದ ಎರಡು ಓಣಿ ಆಚೆ!

ಆ ಮನೆಗೆ ಹೋದಾಗ ಕಟ್ಟೆಯ ಮೇಲೆ ಶರಣಮ್ಮನ ಸೋದರಮಾವ ಕೂತಿದ್ದರು. ಶರಣಮ್ಮ ತನ್ನನ್ನು ಸಾಕಿದವರ ಹೆಸರು ಹೇಳಿದೊಡನೆ ಎದ್ದು ನಿಂತರು. ಎರಡನೇ ಗಂಡ ಹೋದ ಮೇಲೆ ಅಕ್ಕ ಇಲ್ಲಿಗೇ ಬಂದಿದ್ದಳಂತೆ. ಕೊಟ್ಟ ಮಗಳಿಗೆ ಮುಖ ತೋರಿಸುವುದಿಲ್ಲವೆಂದು ಮಾತು ಕೊಟ್ಟಿದ್ದಳಂತೆ. ಮಗಳೇ ತಾನಾಗಿ ಹುಡುಕಿಕೊಂಡು ಬಂದರೆ ಮಾತು ಮುರಿದಂತಲ್ಲ ಎಂದು ಕಾಯುತ್ತಿದ್ದಳಂತೆ.

"ಲೇಟ್ ಮಾಡಿದಿ ಅವ್ವಾ," ಎಂದರು. "ನಿಮ್ಮವ್ವ ಹೋಗಿ ನಾಕ್ ತಿಂಗ್ಳಾತು."

ವಾಪಸು ಬರುವಾಗ ಶರಣಮ್ಮ ನನ್ನನ್ನೇ ಸಮಾಧಾನ ಮಾಡಿದಳು. "ನೀವರ ಏನ್ ಮಾಡ್ತೀರಿ ಕಾಕಾ, ಕಾಗದದಾಗ ಸಿಗ್ಲಿಲ್ಲ."

ಕಾಗದದಲ್ಲಿತ್ತು. ನನ್ನ ಮೊದಲ ಮಗ ಹುಟ್ಟಿದ್ದೂ ಹೆಂಡತಿಯ ತವರು ಕೊಹಿನೂರಿನಲ್ಲಿ. ತೊಟ್ಟಿಲ ಕಾರ್ಯಕ್ಕೆ ಸಿಹಿ ಕಟ್ಟಿಸಿಕೊಂಡು ಹೋದವನು ನಾನೇ. ನಾಚಿಕೆಯಾಗುತ್ತದೆ.

ಹೆತ್ತವಳನ್ನು ಹುಡುಕಲು ಹೊರಟವನು, ಮನೆಯಲ್ಲೇ ಇದ್ದ ಹೆತ್ತವಳೊಬ್ಬಳನ್ನು ಒಂದು ಮಾತು ಕೇಳಬಾರದಿತ್ತೇ?