ಮಗುವಿನ ಮೂಗಿನ ಮೇಲಿನ ಗೆರೆ

ಸಂಜೆ ಆರೂವರೆ ಹತ್ತಿರವಾಯಿತೆಂದರೆ ನನಗೆ ಗಡಿಯಾರದ ಮೇಲೇ ಕಣ್ಣು. ಆ ಹೊತ್ತಿಗೆ ಸರಿಯಾಗಿ ಬೀಗಿತ್ತಿಯ ವಿಡಿಯೋ ಕಾಲ್ ಬರುತ್ತಿತ್ತು. ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ, ಸಿರಾ ಕಡೆಯ ಹಳ್ಳಿಯವರು. ಮಗಳು ಬಾಣಂತನಕ್ಕೆಂದು ಮಧುಗಿರಿಯ ನಮ್ಮ ಮನೆಯಲ್ಲಿದ್ದಳು. ಬಾಣಂತಿ ಫೋನು ನೋಡಿದರೆ ಕಣ್ಣು ಸೋಲುತ್ತದೆಂದು ನಮ್ಮ ಚಿಕ್ಕಮ್ಮ ಅವಳ ಫೋನನ್ನು ಬೀರುವಿನೊಳಗೆ ಸೇರಿಸಿಬಿಟ್ಟಿದ್ದರಿಂದ ಕಾಲ್ ಬರುತ್ತಿದ್ದದ್ದು ನನ್ನ ಫೋನಿಗೆ. ಎತ್ತದೇ ಇರುವ ಹಾಗಿಲ್ಲ. ಎತ್ತಿ, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವಳ ಮುಖಕ್ಕೆ ಫೋನು ಹಿಡಿದು ಕೂರಬೇಕು.

“ಇವತ್ತು ಗೆರೆ ಸರ್ಯಾಗಿ ಮೂಗಿನ ಮ್ಯಾಲೇ ಬಂದೈತೆ ಬೀಗಿತ್ತಮ್ಮ. ಒಸಿ ಎಡಕ್ಕೆ ಸರ್ಸಿ.”

ನಾನು ಎಡಕ್ಕೆ ಸರಿಸುತ್ತಿದ್ದೆ.

“ಅಯ್ಯೋ, ಈಗ ಒಂದು ಕಣ್ಣೇ ಮುಚ್ಚೋಯ್ತು. ಬಲಕ್ಕೆ. ಇನ್ನೊಂಚೂರು. ಹಾಂ, ಅಂಗೇ ಇರಿ, ಅಳ್ಳಾಡ್ಬೇಡಿ.”

ಅಲ್ಲಾಡದೆ ಕೂರುತ್ತಿದ್ದೆ. ಕೈ ಜೋಮು ಹಿಡಿಯುತ್ತಿತ್ತು. ಒಲೆಯ ಮೇಲೆ ಸಾರು ಉಕ್ಕುತ್ತಿರಲಿ, ಬಾಗಿಲಲ್ಲಿ ಯಾರಾದರೂ ನಿಂತಿರಲಿ, ಅಲ್ಲಾಡುವ ಹಾಗಿರಲಿಲ್ಲ. ಅವರ ಫೋನಿನ ಗಾಜಿನಲ್ಲಿ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಓರೆಯಾಗಿ ಬಿರುಕು ಬಿಟ್ಟಿತ್ತು. ಆ ಬಿರುಕು ಬಿಡಿಸಿದವಳು ನಾನು. ಅವರು ಒಂದು ದಿನವೂ ‘ನೀವು ಒಡೆದದ್ದು’ ಎಂದವರಲ್ಲ. ಅಂದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆನೋ ಏನೋ. ಗೆರೆ ಈ ದಿನ ಹಣೆಯ ಮೇಲೆ ಬಂತು, ಈ ದಿನ ಗಲ್ಲದ ಮೇಲೆ ಬಂತು ಎಂದು ಹವಾಮಾನ ಹೇಳುವವರ ಹಾಗೆ ಹೇಳುತ್ತಿದ್ದರು, ಅಷ್ಟೇ.

ಅದು ಒಡೆದದ್ದು ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ. ಬೀಗರ ಕಡೆಯವರೆಲ್ಲ ಒಂದು ಟೆಂಪೋದಲ್ಲಿ ಬಂದಿದ್ದರು. ಬೀಗಿತ್ತಿಯ ಕೈಯಲ್ಲಿ ಹೊಸ ಫೋನಿತ್ತು. ತವರಿನಿಂದ ಬಂದ ಎರಡು ಹುಣಸೆಮರ ಅವರಿಗಿದ್ದವು. ಆ ವರ್ಷದ ಹಣ್ಣು ಮಾರಿದ ದುಡ್ಡಿನಲ್ಲಿ, ಗಂಡನನ್ನೂ ಕೇಳದೆ ಮಗನನ್ನೂ ಕೇಳದೆ, ತಾವೇ ಸಿರಾಕ್ಕೆ ಹೋಗಿ ತಂದದ್ದು. ಬಂದವರಿಗೆಲ್ಲ ಅದನ್ನು ತೋರಿಸಿ, ತೋರಿಸಿದ ಮೇಲೆ ಸೆರಗಿನಿಂದ ಒರೆಸಿ ಇಟ್ಟುಕೊಳ್ಳುತ್ತಿದ್ದರು. ಶಾಸ್ತ್ರ ಮುಗಿದು ಮಗುವನ್ನು ಅವರ ಮಡಿಲಿಗೆ ಕೊಟ್ಟಾಗ, ಫೋನನ್ನು ನನ್ನ ಕಡೆ ಚಾಚಿದರು.

“ನೀವೇ ಒಂದು ಪೋಟೋ ಹಿಡೀರಿ ಬೀಗಿತ್ತಮ್ಮ. ನನ್ ಮೊದಲ್ನೇ ಪೋಟೋ ನಿಮ್ ಕೈಯಿಂದ್ಲೇ ಆಗ್ಲಿ.”

ಬೆಳಿಗ್ಗೆಯಿಂದ ಮಗುವಿನ ನೆತ್ತಿಗೆ ಹರಳೆಣ್ಣೆ ತಟ್ಟಿದ ಕೈ ಅದು. ತೊಳೆದಿದ್ದೆ, ಆದರೆ ಹರಳೆಣ್ಣೆ ಒಂದು ತೊಳೆತಕ್ಕೆ ಹೋಗುವಂಥದ್ದೇ? ಫೋನು ಸಾಬೂನಿನ ಹಾಗೆ ಜಾರಿ ಒರಳುಕಲ್ಲಿನ ಅಂಚಿಗೆ ಬಿತ್ತು. ಮನೆ ತುಂಬ ಇದ್ದ ಜನ ಒಮ್ಮೆಲೇ ಇತ್ತ ತಿರುಗಿದರು. ಪಾವಗಡ ಸೀಮೆಯ ನಮ್ಮ ಚಿಕ್ಕಮ್ಮ “ಅಯ್ಯೋ ದೇವುಡಾ!” ಅಂದರು.

ಬೀಗಿತ್ತಿ ಮಗುವನ್ನು ಎದೆಗೆ ಒತ್ತಿಕೊಂಡು, ನೆಲದ ಮೇಲಿದ್ದ ಫೋನನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕರು.

“ಇರ್ಲಿ ಬುಡಿ. ಮಗೀಗೆ ತಾಕ್ಬೇಕಾಗಿದ್ದ ದೃಷ್ಟಿ ಅದುಕ್ಕೆ ತಾಕ್ತು. ಒಳ್ಳೇದೇ ಆಯ್ತು.”

ಎಲ್ಲರೂ ಹೌದಪ್ಪ ಹೌದು ಎಂದು ಊಟಕ್ಕೆ ಎದ್ದರು. ನಾನು ಬಡಿಸುತ್ತಾ ಪಾಯಸವನ್ನು ಅನ್ನದ ಮೇಲೆ ಹಾಕಿದೆ.

ಬೇರೆ ಯಾರದೇ ಫೋನಾಗಿದ್ದರೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಇದು ಬೀಗರದ್ದು. ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ಬದುಕಿದ ನಮ್ಮಜ್ಜಿ ತನ್ನ ಮಗಳನ್ನು ಕೊಟ್ಟ ಮನೆಗೆ ಹೋದರೆ ಎಷ್ಟೇ ಬಾಯಾರಿದರೂ ಎರಡನೇ ಲೋಟ ನೀರು ಕೇಳುತ್ತಿರಲಿಲ್ಲ. ಆ ಕಡೆಯವರೂ ಹಾಗೆಯೇ. ಒಡೆದ ಸಾಮಾನಿಗೆ ಹೆಣ್ಣು ಕೊಟ್ಟವರ ಹತ್ತಿರ ದುಡ್ಡು ಈಸಿಕೊಂಡರಂತೆ ಎಂಬ ಮಾತು ಬಂದರೆ ಅವರು ಊರಲ್ಲಿ ತಲೆ ಎತ್ತುವುದು ಹೇಗೆ? ಕೊಟ್ಟರೆ ಅವರಿಗೆ ಅವಮಾನ, ಕೊಡದಿದ್ದರೆ ನನ್ನ ಮಗಳಿಗೆ ಬಿಸಿ. ಅದನ್ನು ಮಗಳೇ ಒಂದು ದಿನ ಮಗುವಿಗೆ ಹಾಲು ಕುಡಿಸುತ್ತಾ ಹೇಳಿದಳು.

“ನೀನಾದ್ರೆ ದಿನಾ ಅರ್ಧ ಗಂಟೆ ಅನುಭವಿಸ್ತೀಯ. ಐದನೇ ತಿಂಗಳಿಗೆ ನಾನ್ ಆ ಮನೆಗ್ ಹೋಗ್ತೀನಲ್ಲ, ಬೆಳಗಿಂದ ಸಂಜೆಗಂಟ ನನ್ ಕಣ್ಮುಂದೇನೇ ಇರುತ್ತೆ ಕಣಮ್ಮ ಅದು. ಅತ್ತೆ ಏನೂ ಅನ್ನಲ್ಲ. ಅನ್ದೇ ಇರೋದೇ ನಂಗೆ ಭಯ.”

ಅವಳು ಅತ್ತೆಮನೆಗೆ ಹೊರಡುವುದರೊಳಗೆ ಆ ಗೆರೆ ಹೋಗಬೇಕು. ನನ್ನ ಪಾಲಿಗೆ ಅದೊಂದೇ ಕೆಲಸ ಉಳಿಯಿತು.

ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಸಾಬರು ಯಾವುದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು.

“ಫೋನೆಲ್ಲಮ್ಮಾ?”

“ಸಿರಾ ಹತ್ರ ಐತೆ.”

“ಸಿರಾದಲ್ಲಿರೋ ಫೋನ್‌ಗೆ ಇಲ್ಲಿಂದ್ಲೇ ಗ್ಲಾಸ್ ಹಾಕ್ಬೇಕಾ? ಅಂಥ ಕರಾಮತ್ತು ಬಂದಿದ್ರೆ ನಾನಿಲ್ಲಿ ಯಾಕೆ ಕೂತಿರ್ತಿದ್ದೆ!”

ಮಗಳು ಚೀಟಿಯಲ್ಲಿ ಬರೆದುಕೊಟ್ಟಿದ್ದ ಮಾಡೆಲ್ ತೋರಿಸಿದೆ. ಆ ಮಾಡೆಲ್ಲಿಗೆ ಬರೀ ಗಾಜು ಬದಲಿಸಲು ಬರುವುದಿಲ್ಲವಂತೆ, ಡಿಸ್‌ಪ್ಲೇ ಪೂರ್ತಿ ಹಾಕಬೇಕಂತೆ. ಕಾಪಿ ಆದರೆ ಸಾವಿರದ ಆರುನೂರು. ಒರಿಜಿನಲ್ ಆದರೆ ಮೂರು ಸಾವಿರದ ಇನ್ನೂರು.

“ಕಾಪಿ ಹಾಕಿದ್ರೆ ಏನಾಯ್ತದೆ?”

“ಏನೂ ಆಗಲ್ಲ. ಬಿಸ್ಲಲ್ಲಿ ನೋಡಿದ್ರೆ ಏನೂ ಕಾಣಲ್ಲ, ಅಷ್ಟೇ. ಎರಡ್ರಲ್ಲಿ ಯಾವ್ದಾದ್ರೂ ಪೀಸು ತುಮಕೂರಿಂದ ಬರ್ಬೇಕು. ಮೂರು ದಿನ ಫೋನ್ ಬುಟ್ಟೋಗ್ಬೇಕು.”

ಬ್ಲೌಸು ಹೊಲಿದು ಕೂಡಿಟ್ಟಿದ್ದ ದುಡ್ಡಿನಲ್ಲಿ ಒರಿಜಿನಲ್ಲಿನ ಲೆಕ್ಕ ತೆಗೆದು, ಭಾನುವಾರ ಮಗುವನ್ನು ನೋಡಲು ಬಂದ ಅಳಿಯಂದಿರ ಕೈಗೆ ಕೊಟ್ಟೆ. ಅಮ್ಮನಿಗೆ ಹೇಳಬೇಡಿ, ಸುಮ್ಮನೆ ಹಾಕಿಸಿಬಿಡಿ ಎಂದೆ. ಅಳಿಯಂದಿರು ತಲೆ ಕೆರೆದುಕೊಂಡರು.

“ಆ ಫೋನ್ ನಾನ್ ಮುಟ್ಟಂಗಿಲ್ಲ ಅತ್ತೆ. ಹಾಕಿಸ್ಕೊಡ್ತೀನಿ ಅಂತ ಆವತ್ತೇ ಕೇಳ್ದೆ. ನನ್ ಹುಣ್ಸೆಮರದ ಫೋನು, ನಿಂಗ್ಯಾಕ್ಲಾ, ಅಂದ್ರು.”

ಆದರೂ ಒತ್ತಾಯ ಮಾಡಿ ಜೇಬಿಗೆ ತುರುಕಿದೆ. ಮುಂದಿನ ಭಾನುವಾರ ಅವರ ಜೊತೆ ಒಂದು ಚೀಲ ಹುಣಸೆಹಣ್ಣು ಬಂತು. ಬಿಡಿಸಿ, ನಾರು ತೆಗೆದು, ಉಪ್ಪು ಹಾಕಿ ಉಂಡೆ ಕಟ್ಟಿದ ಹಣ್ಣು. ಚೀಲದ ಬಾಯಿ ಬಿಚ್ಚಿದರೆ, ಉಂಡೆಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನನ್ನವೇ ನೋಟುಗಳು. ಸಂಜೆ ಕಾಲ್ ಬಂದಾಗ ಅವರೇ ಕೇಳಿದರು, “ಹುಣ್ಸೆಹಣ್ಣು ಬಂತಾ ಬೀಗಿತ್ತಮ್ಮ? ಸಾರು ಸಂದಾಗಾಯ್ತದೆ, ಮಾಡ್ನೋಡಿ. ಇವತ್ತು ಗೆರೆ ಕಿವಿ ಮ್ಯಾಲೆ ಐತೆ, ಪರ್ವಾಗಿಲ್ಲ ಬುಡಿ.”

ನನಗೆ ಆ ಹುಣಸೆಹಣ್ಣಿನ ಸಾರು ಗಂಟಲಲ್ಲಿ ಇಳಿಯಲಿಲ್ಲ. ಅಷ್ಟು ರುಚಿಯಾಗಿತ್ತು.

ಉಪಾಯ ಹೇಳಿಕೊಟ್ಟದ್ದು ಚಿಕ್ಕಮ್ಮ. ನಿಡುಗಲ್ಲಿನ ಹತ್ತಿರದವರು, ಅವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ.

“ಇಷ್ಟುಕ್ಕೆ ಇಷ್ಟು ಬಾಧೆ ಏಲಮ್ಮಾ? ಬರೋ ತಿಂಗ್ಳು ಆಯಮ್ಮ ಮಗೀನ ನೋಡಾಕೆ ಬತ್ತಾಳಲ್ಲ, ಹೊರಡೋವಾಗ ಮಡಿಲಕ್ಕಿ ಕಟ್ಟು. ದುಡ್ಡು ಅಕ್ಕಿ ಅಡೀಲಿ ಇಕ್ಕು. ಮಡಿಲಕ್ಕೀನ ವದ್ದು ಅಂತ ಯಾವ ಮುತ್ತೈದೆ ಅಂದಾಳು?”

ಹೌದಲ್ಲ ಅನಿಸಿತು. ಮಡಿಲು ತುಂಬುವುದೆಂದರೆ ಕೊಟ್ಟವರ ಲೆಕ್ಕವೂ ಇಲ್ಲ, ಈಸಿಕೊಂಡವರ ಲೆಕ್ಕವೂ ಇಲ್ಲ. ಬೇಡವೆನ್ನುವ ಮಾತೇ ಇಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಬೀಗಿತ್ತಿ ಬಂದರು. ಎರಡು ದಿನ ಇದ್ದರು. ಮಗುವನ್ನು ನೆಲಕ್ಕೆ ಇಳಿಸಲಿಲ್ಲ. ಆ ಎರಡು ದಿನವೂ ಅವರ ಫೋನು ಕಿಟಕಿಯ ಮೇಲೆ ಬೋರಲು ಬಿದ್ದಿತ್ತು, ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೊರಡುವ ದಿನ ಅಕ್ಕಪಕ್ಕದ ಹೆಂಗಸರನ್ನು ಕರೆದು, ಮಣೆಯ ಮೇಲೆ ಪೂರ್ವಕ್ಕೆ ಕೂರಿಸಿ, ಸೆರಗು ಹಿಡಿಯಿರಿ ಎಂದೆ. ಮೊದಲು ರವಿಕೆಯ ಕಣ ಇಟ್ಟೆ, ಅದರ ಮಡಿಕೆಯಲ್ಲಿ ದುಡ್ಡಿನ ಕವರು. ಮೇಲೆ ಅಕ್ಕಿ ಸುರಿದೆ. ಕೊಬ್ಬರಿ, ಬೆಲ್ಲ, ವೀಳ್ಯದೆಲೆ, ಅಡಿಕೆ. ಅರಿಶಿನ ಕುಂಕುಮ ಕೊಟ್ಟು, ಉಸಿರು ಬಿಟ್ಟು, ಏಳಿ ಎಂದೆ.

ಅವರು ಏಳಲಿಲ್ಲ. ಆಗ ನೆನಪಾಯಿತು. ಮಡಿಲು ತುಂಬಿಸಿಕೊಂಡವಳು ಏಳುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಕೊಟ್ಟವರ ಮೊರಕ್ಕೆ ಹಿಂದಕ್ಕೆ ಹಾಕಬೇಕು. ಕೊಟ್ಟ ಮನೆ ಬರಿದಾಗಬಾರದಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಶಾಸ್ತ್ರ, ನಾನೇ ಎಷ್ಟು ಮನೆಗಳಲ್ಲಿ ಹಾಗೆ ಹಾಕಿದ್ದೇನೆ! ದುಡ್ಡಿನ ಗಡಿಬಿಡಿಯಲ್ಲಿ ಅದೇ ತಲೆಯಿಂದ ಹಾರಿಹೋಗಿತ್ತು. ಆದರೂ ಎಲ್ಲರೂ ಮೇಲಿನ ಅಕ್ಕಿ ತೆಗೆದು ಹಾಕುತ್ತಾರೆ ಎಂದು ಧೈರ್ಯ ತಂದುಕೊಂಡೆ. ಬೀಗಿತ್ತಿ ಮೊಣಕೈವರೆಗೆ ಕೈಯನ್ನು ಅಡಿಗೆ ಇಳಿಸಿದರು. ತಡಕಿದರು. ಮುಷ್ಟಿ ಮೇಲೆ ಬಂದಾಗ ಅಕ್ಕಿಯ ಜೊತೆ ಕವರೂ ಬಂತು, ಮೊರದಲ್ಲಿ ಪಟ್ಟನೆ ಬಿತ್ತು.

“ಅದೇನ್ರೀ ಕವರು?” ಎಂದು ಪಕ್ಕದ ಮನೆಯವರು ಬಗ್ಗಿದರು.

ನಾನು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡೆ. ಬೀಗಿತ್ತಿಯೇ ಹೇಳಿದರು, ನನ್ನ ಕಡೆ ನೋಡದೆ: “ಅಕ್ಕಿ ಜೊತೆ ಬಂದ್ಬುಟ್ಟೈತೆ ಕಣ್ರವ್ವ. ಮೂಟೇಲಿ ಹಾಕಿರ್ತಾರಲ್ಲ ಅಂಗ್ಡಿಯೋರು, ಚೀಟಿನೋ ಏನೋ. ನಿಮ್ಮನೇದು ನಿಮ್ಮನೇಲೇ ಇರ್ಲಿ ಬುಡಿ ಬೀಗಿತ್ತಮ್ಮ.”

ನನ್ನ ಮಾನವನ್ನು ಅವರೇ ಮುಚ್ಚಿದರು. ಈಗ ಗಾಜಿನ ಜೊತೆಗೆ ಅದೂ ಒಂದು ನನ್ನ ತಲೆಯ ಮೇಲೆ ಕೂತಿತು. ಸಿರಾ ಬಸ್ಸು ಹತ್ತಿಸಿ ಬಂದು ಮೊರದ ಮುಂದೆ ಕೂತೆ. ಚಿಕ್ಕಮ್ಮ ಕವರಿಗೆ ಅಂಟಿದ್ದ ಅಕ್ಕಿಯನ್ನು ಒಂದೊಂದಾಗಿ ಬಿಡಿಸುತ್ತಾ, “ಗಟ್ಟಿ ಮನಿಷಿ” ಎಂದರು, ಅಷ್ಟೇ.

ಆಮೇಲೆ ನಾನು ಏನೂ ಮಾಡಲಿಲ್ಲ. ಮಾಡಲು ಏನೂ ಉಳಿದಿರಲಿಲ್ಲ. ಸಂಜೆಯಾದರೆ ಮಗುವನ್ನು ಎಡಕ್ಕೆ ಸರಿಸುತ್ತಿದ್ದೆ, ಬಲಕ್ಕೆ ಸರಿಸುತ್ತಿದ್ದೆ. ಮಗುವೂ ಅಷ್ಟು ಹೊತ್ತಿಗೆ ಬೆಳೆದು, ಬೀಗಿತ್ತಿಯ ದನಿ ಕೇಳಿದ ಕೂಡಲೇ ತಾನಾಗಿ ಕತ್ತು ತಿರುಗಿಸುತ್ತಿತ್ತು. ನಾವಿಬ್ಬರೂ ಆ ಗೆರೆಗೆ ಪಳಗಿಬಿಟ್ಟಿದ್ದೆವು. ಮಗಳು ಮಾತ್ರ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಾ ಸಪ್ಪಗಾಗುತ್ತಿದ್ದಳು.

ಐದನೇ ತಿಂಗಳು ಬಂತು. ಕರೆದುಕೊಂಡು ಹೋಗಲು ಬೀಗಿತ್ತಿಯೇ ಮಗನ ಜೊತೆ ಕಾರು ಮಾಡಿಸಿಕೊಂಡು ಬಂದರು. ಮಗಳಿಗೆ ಮಡಿಲು ತುಂಬಿದೆ. ತೊಟ್ಟಿಲನ್ನು ಕಾರಿನ ಮೇಲೆ ಕಟ್ಟಿದರು. ಮಗುವನ್ನು ಮಡಿಲಲ್ಲಿ ಹಿಡಿದು ಕಾರಿನಲ್ಲಿ ಕೂತ ಬೀಗಿತ್ತಿ, ಕಿಟಕಿಯಿಂದ ನನ್ನನ್ನು ಹತ್ತಿರ ಕರೆದರು. ಸೊಂಟದ ಚೀಲದಿಂದ ಫೋನು ತೆಗೆದು ನನ್ನ ಕೈಗಿಟ್ಟರು.

“ತಗಳಿ. ನಿಮ್ಮೂರಲ್ಲೇ ಮಾಡ್ಸಿ ಕಳ್ಸಿ. ನಿಮ್ ದುಡ್ಡಲ್ಲೇ ಮಾಡ್ಸಿ, ಇನ್ ನಾನ್ ಬ್ಯಾಡ ಅನ್ನಲ್ಲ.”

ನಾನು ಫೋನನ್ನು ತಿರುಗಿಸಿ ನೋಡಿದೆ. “ಇಷ್ಟು ದಿನ…?”

“ಸಿರಾದಲ್ಲಿ ಕೇಳ್ದೆ ಬೀಗಿತ್ತಮ್ಮ. ಮೂರ್ದಿನ ಬುಟ್ಟೋಗಿ ಅಂದ ಅಂಗ್ಡಿಯೋನು. ಮೂರ್ದಿನ ಇವಳ ಮಕ ನೋಡ್ದಂಗೆ ನಾನ್ ಹೆಂಗಿರ್ಲಿ? ಮಗನ ಫೋನಲ್ಲಿ ನೋಡೋಣ ಅಂದ್ರೆ ಅವ್ನು ಬರೋದು ಕತ್ಲಾದ್ಮೇಲೆ, ಅಷ್ಟೊತ್ಗೆ ಮಗು ಮಲಗಿರ್ತದೆ. ಗೆರೆ ಇದ್ರೂ ಆಯ್ತು, ದಿನಾ ಕಂಡ್ರೆ ಸಾಕು ಅಂತಿದ್ದೆ. ಇನ್ ಯಾಕೆ? ಮಡ್ಲಲ್ಲೇ ಅವ್ಳೆ.” ಮಗುವಿನ ಟೋಪಿ ಸರಿಮಾಡಿ ಮತ್ತೆ ಹೇಳಿದರು, “ಕಾಪಿ ಗೀಪಿ ಹಾಕುಸ್ಬುಟ್ಟೀರ, ಒರಿಜಿನಲ್ಲೇ ಹಾಕ್ಸಿ.”

ಹಿಂದಿನ ಸೀಟಿನಲ್ಲಿದ್ದ ಮಗಳು ಮೊದಲ ಸಲ ಬಾಯಿ ತುಂಬ ನಕ್ಕಳು. ಕಾರು ಹೊರಟಿತು. ನನಗೆ ಬೇಕಾಗಿದ್ದದ್ದು ನನ್ನ ಅಂಗೈಯಲ್ಲಿತ್ತು. ಬೀದಿಯ ಕೊನೆಯಲ್ಲಿ ಕಾರಿನ ಮೇಲಿನ ತೊಟ್ಟಿಲು ತಿರುಗಿ ಮರೆಯಾಗುವವರೆಗೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿದ್ದೆ. ಅಂಗಡಿಗೆ ನಾಳೆ ಹೋದರಾಯಿತೆಂದು ಫೋನನ್ನು ದೇವರ ಗೂಡಿನ ಪಕ್ಕದಲ್ಲಿಟ್ಟೆ.

ಆ ಸಂಜೆ ಮನೆಯಲ್ಲಿ ನಾನೊಬ್ಬಳೇ. ಚಿಕ್ಕಮ್ಮನೂ ಮಧ್ಯಾಹ್ನದ ಬಸ್ಸಿಗೆ ಪಾವಗಡಕ್ಕೆ ಹೊರಟುಹೋಗಿದ್ದರು. ತೊಟ್ಟಿಲು ತೂಗುಹಾಕಿದ್ದ ಹಗ್ಗ ತೊಲೆಯಿಂದ ಹಾಗೇ ಜೋತಾಡುತ್ತಿತ್ತು. ಆರೂವರೆ ಆಯಿತು. ಕಾಲ್ ಬರಲಿಲ್ಲ. ಬರುವುದಾದರೂ ಹೇಗೆ? ಸಾರಿಗಿಟ್ಟು ಬಂದೆ. ಕಸ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ. ಮಗಳ ಫೋನಿಗೆ ಮಾಡಬಹುದಿತ್ತು, ಆದರೆ ನನ್ನ ಬೆರಳಿಗೆ ಗೊತ್ತಿದ್ದದ್ದು ಪಟ್ಟಿಯ ಮೇಲ್ಗಡೆಯೇ ಇರುತ್ತಿದ್ದ ಆ ಒಂದು ಹೆಸರು. ಯೋಚಿಸದೆ ಅದನ್ನೇ ಒತ್ತಿದೆ.

ದೇವರ ಗೂಡಿನ ಪಕ್ಕದಲ್ಲಿ ಫೋನು ಹೊಡೆದುಕೊಂಡಿತು.

ಒಂದು ಗಳಿಗೆ ಏನೆಂದು ತಿಳಿಯಲಿಲ್ಲ. ಎದ್ದು ಹೋಗಿ ಎತ್ತಿಕೊಂಡೆ, ಹಸಿರು ಗುಂಡಿ ಒತ್ತಿದೆ. ಎರಡು ಫೋನೂ ಒಂದಕ್ಕೊಂದು ಕೊಂಯ್ ಎಂದು ಕೂಗಿಕೊಂಡವು. ಬೀಗಿತ್ತಿಯ ಫೋನಿನಲ್ಲಿ ನನ್ನ ಮುಖ ಮೂಡಿತು. ಎಡ ಹುಬ್ಬಿನಿಂದ ಹೊರಟ ಗೆರೆ ಮೂಗನ್ನು ಓರೆಯಾಗಿ ದಾಟಿ ಬಲಗಲ್ಲಕ್ಕೆ ಇಳಿದಿತ್ತು. ನನ್ನ ಫೋನು ಹಿಡಿದ ಕೈಯನ್ನು ಒಸಿ ಎಡಕ್ಕೆ ಸರಿಸಿದೆ, ಗೆರೆ ಕಣ್ಣಿನ ಮೇಲೆ ಬಂತು. ಬಲಕ್ಕೆ ಸರಿಸಿದೆ, ಬಾಯಿಯ ಮೇಲೆ ಬಂತು. ಮುಖ ಪೂರ್ತಿ ಕಾಣುವ ಜಾಗ ಅದರಲ್ಲಿ ಎಲ್ಲೂ ಇರಲಿಲ್ಲ. ಆದರೂ ಆಯಮ್ಮ ದಿನಾ ‘ಹಾಂ, ಅಂಗೇ ಇರಿ’ ಎನ್ನುತ್ತಿದ್ದರು.

ಎರಡೂ ಕಡೆ ನಾನೇ. ಯಾವ ಕಡೆಯಿಂದ ಕಟ್ ಮಾಡಬೇಕೆಂದು ತೋಚದೆ, ಒಲೆಯ ಮೇಲೆ ಸಾರು ಉಕ್ಕುವ ಸದ್ದು ಕೇಳುತ್ತಿದ್ದರೂ, ಅಲ್ಲಾಡದೆ ಹಾಗೇ ನಿಂತಿದ್ದೆ.