ಬರೆಯ ಮೇಲೆ ಕೂತ ಬಿಳಿ ಕಣಗಳು

ಹಾಲವ್ವ ಕರೆವ್ವನನ್ನು ಮೊದಲು ಕಂಡದ್ದು ಎಪ್ಪತ್ತೊಂದರ ಶ್ರಾವಣದಲ್ಲಿ, ಸವಣೂರಿನ ಎಲೆತೋಟದಲ್ಲಿ. ಕರೆವ್ವ ಅಬಲೂರಿನಿಂದ ಆಗಷ್ಟೇ ಲಗ್ನವಾಗಿ ಬಂದ ಹುಡುಗಿ. ಹಾಲವ್ವ ಕಟ್ಟಿಟ್ಟ ವೀಳ್ಯದೆಲೆಯ ಕಟ್ಟೊಂದನ್ನು ಎತ್ತಿ ಮೂಸಿ, "ಅಕ್ಕಾ, ಇದರಾಗ ಒಂದು ಕೊಳತೈತ್ರಿ" ಅಂದಳು.

"ಬಂದು ಒಂದ ತಾಸ ಆಗಿಲ್ಲ, ನನಗ ಕಲಸಾಕ ಬಂದ್ಲು ನೋಡ!" ಎಂದು ಬೈಯುತ್ತಲೇ ಹಾಲವ್ವ ಕಟ್ಟು ಬಿಚ್ಚಿದಳು. ನಟ್ಟನಡುವೆ ಒಂದೇ ಎಲೆ ಕಪ್ಪಾಗಿತ್ತು.

ಹದಿನೈದು ವರ್ಷ ಇಬ್ಬರೂ ಎದುರುಬದುರು ಕುಳಿತು ಎಲೆ ಕಟ್ಟಿದರು. ಎಂಬತ್ತಾರರಲ್ಲಿ ಕರೆವ್ವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಗಾಯ ಮಾಯಿತು, ಜ್ವರ ಬಿಡಲಿಲ್ಲ. ಐದು ತಿಂಗಳಲ್ಲಿ ಕೈಬಳೆಗಳು ಮೊಣಕೈತನಕ ಜಾರತೊಡಗಿದವು. ಒಳಗೆಲ್ಲೋ ಕೀವು ಕೂತಿದೆ, ಜಾಗ ತಿಳಿಯದೆ ಕೊಯ್ಯಲಾಗದು, ಇನ್ನು ಹತ್ತು ದಿನದ ಮೇಲೆ ದೇಹ ತಾಳದು ಎಂದು ಹುಬ್ಬಳ್ಳಿಯ ಡಾಕ್ಟರು ಮುಂಬಯಿಗೆ ಬರೆದುಕೊಟ್ಟರು. ಗಂಡ ಉಡಚಪ್ಪ ಮಕ್ಕಳ ಹತ್ತಿರ ಉಳಿದ. ಜೊತೆಗೆ ಹೊರಟವಳು ಹಾಲವ್ವ.

ಹೊರಡುವ ಮುನ್ನಾದಿನ ಅವಳ ಮನಸ್ಸು ತಡೆಯಲಿಲ್ಲ. ಬರೆ ಹಾಕಿ ಜ್ವರ ಬಿಡಿಸುವ ಚೌಡವ್ವನನ್ನು ಶಿಗ್ಗಾವಿಯಿಂದ ಕರೆಸಿ, ನೋಯುವ ಬಲಪಕ್ಕೆಗೆ ಕಾಸಿದ ಕುಡುಗೋಲಿನಿಂದ ಐದು ಬರೆ ಹಾಕಿಸಿದಳು. ಕರೆವ್ವ ಕದಲದಂತೆ ಕೈ ಹಿಡಿದುಕೊಂಡವಳೂ ಹಾಲವ್ವನೇ.

"ಇಪ್ಪತ್ತೊಂದ ದಿನಕ್ಕ ಬರಿ ಆರ್ತೈತಿ, ಜ್ವರಾನೂ ಹೋಕ್ಕೈತಿ" ಎಂದು ಚೌಡವ್ವ ಹೋದಳು.

ಮುಂಬಯಿಯ ಆಸ್ಪತ್ರೆಯಲ್ಲಿ ಬೆಳಗಾವಿ ಕಡೆಯ ನರ್ಸಬಾಯಿ ಸೀಸೆಯ ತುಂಬ ರಕ್ತ ತೆಗೆದಳು. "ಇದರಾಗ ಬಿಳಿ ಕಣ ಇರ್ತಾವು. ಕೀವು ಎಲ್ಲೈತಿ ಅಲ್ಲಿಗೆ ಓಡ್ತಾವು. ಔಷಧದ ಗುರುತು ಹಚ್ಚಿ ತಿರುಗಿ ನಿನ್ನ ಮೈಯಾಗ ಬಿಡ್ತೇವಿ. ಎಲ್ಲಿ ಕೂಡ್ಯಾವಂತ ನಾಳೆ ಮಷೀನು ತೋರಸ್ತೈತಿ."

"ಅವಕ್ಕ ಜೀವ ಇರ್ತೈತೇನ್ರಿ?"

"ಇರಬೇಕು. ಸತ್ತರ ಹೋಗೂದಿಲ್ಲ."

"ನನಗಿಂತ ಗಟ್ಟಿ ಅದಾವು ಬಿಡ್ರಿ" ಎಂದು ಕರೆವ್ವ ನಕ್ಕಳು. ಬೈದಾರೆಂದು ಇಬ್ಬರೂ ಬರೆಯ ಮಾತೆತ್ತಲಿಲ್ಲ.

ಮರುದಿನದ ಫೋಟೋದಲ್ಲಿ ಬಲಪಕ್ಕೆಯ ತುಂಬ ಕಪ್ಪು ಮಚ್ಚೆ. ನರ್ಸಬಾಯಿ ಓಡಿಬಂದು ಕುಪ್ಪಸ ಎತ್ತಿ ನೋಡಿದಳು.

"ಅಯ್ಯ, ಏನ್ ಮಾಡ್ಕೊಂಡ ಬಂದೀರಿ! ಕಣ ಎಲ್ಲಾ ಈ ಸುಟ್ಟ ಗಾಯಕ್ಕ ಕೂಡ್ಯಾವು. ಇದರ ಕೆಳಗ ಕೀವು ಇದ್ದರೂ ಗೊತ್ತಾಗೂದಿಲ್ಲ. ಇದು ಆರಿದ ಮ್ಯಾಲೇ ಮತ್ತ ಫೋಟೋ ತಗೀಬೇಕು."

"ಅಲ್ಲೀತನಕಾ ತಡೀತಾಳೇನ್ರಿ?" ಅಂದಳು ಹಾಲವ್ವ. ನರ್ಸಬಾಯಿ ಜ್ವರದ ಕಡ್ಡಿ ಝಾಡಿಸುತ್ತ ನಿಂತಳು.

ಹಾಲವ್ವ ಮಂಚದ ಪಟ್ಟಿಗೆ ಹಣೆ ಚಚ್ಚಿಕೊಂಡಳು. "ನನ್ನ ಕೈಯಾರೆ ಹಿಡದ್ನಲ್ಲೇ, ತಂಗೀ!"

ಕರೆವ್ವ ಸುಡುವ ಕೈಯಿಂದ ಅವಳ ತಲೆ ತಡೆದಳು. ಒಣಗಿದ ತುಟಿ ಸವರಿಕೊಂಡು, ಮೆಲ್ಲಗೆ ಕೇಳಿದಳು:

"ಅಕ್ಕಾ, ಬರಿ ಆರಾಕ ಎಷ್ಟ ದಿನಾ ಅಂದಿದ್ಲು ಚೌಡವ್ವ?"