ಎಡ ಮೇಲಾದ ಮಡಿಕೆ

ಇಳಕಲ್ಲಿನ ಜಾಫರಸಾಬರ ಸೀರೆ ಅಂಗಡಿಯಲ್ಲಿ ತಾಯವ್ವನಿಗೆ ಮಡಚುವ ಕೆಲಸ. ಗಿರಾಕಿಗಳು ಬಿಚ್ಚಿ ಗುಡ್ಡೆ ಹಾಕಿದ ಸೀರೆಗಳು ಅವಳ ಕೈಗೆ ಬಂದರೆ ಮತ್ತೆ ಹೊಸದಾಗುತ್ತಿದ್ದವು. ನಾಲ್ಕು ವರ್ಷದ ಹಿಂದೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದಳು. ಜಪಾನಿನ ಮುದುಕಿಯೊಬ್ಬಳು ದಪ್ಪ ಬಿಳಿ ಕಾಗದವನ್ನು ಮಡಚಿ ಮಡಚಿ ಉಡುಗೊರೆ ಸುತ್ತುತ್ತಿದ್ದಳು. ಅಂಟಿಲ್ಲ, ಟೇಪಿಲ್ಲ, ಮೇಲೊಂದು ಕೆಂಪು-ಬಿಳಿ ದಾರ, ಅಷ್ಟೆ. ಅದಕ್ಕೆ ಒರಿಗಾತಾ ಅನ್ನುತ್ತಾರಂತೆ. ತಾಯವ್ವ ತಿಂಗಳುಗಟ್ಟಲೆ ಹಳೆಯ ಕ್ಯಾಲೆಂಡರ್ ಹಾಳೆಗಳ ಮೇಲೆ ಕೈ ಪಳಗಿಸಿಕೊಂಡಳು. ಮದುವೆಗೆ ಉಡುಗೊರೆ ಕೊಡುವ ಆಯೇರಿ ಸೀರೆಯೆಂದರೆ ಅವಳೇ ಸುತ್ತಿಕೊಡಬೇಕೆಂದು ಜನ ಕಾದು ನಿಲ್ಲತೊಡಗಿದರು.

ಕಳೆದ ಜನವರಿಯಲ್ಲಿ ಬಾದಾಮಿಯ ಗೈಡ್ ಶಾಹಿದ ಒಬ್ಬ ಜಪಾನಿ ಹೆಂಗಸನ್ನು ಕರೆದುಕೊಂಡು ಬಂದ. ಹೆಸರು ಫುಮಿಕೊ. ಗೆಳತಿಯ ಮಗಳ ಮದುವೆಗೆಂದು ಸೀರೆ ಆರಿಸಿದಳು. ತಾಯವ್ವ ಹಿಗ್ಗಿನಿಂದ ಸುತ್ತಿ, ದಾರ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಫುಮಿಕೊ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳ ಮುಖದ ಬಣ್ಣವೇ ಇಳಿಯಿತು. ಶಾಹಿದನ ಕಿವಿಯಲ್ಲಿ ಏನೋ ಹೇಳಿದಳು.

"ತಾಯವ್ವಾರ, ತಪ್ಪ ತಿಳ್ಕೋಬ್ಯಾಡ್ರಿ," ಎಂದ ಶಾಹಿದ. "ಶುಭಕ್ಕಾದ್ರ ಕಾಗದದ ಬಲಗಡೆ ಮಡಿಕಿ ಎಡಗಡೆದರ ಮ್ಯಾಲ ಬರಬೇಕಂತ. ಎಡಗಡೆದು ಮ್ಯಾಲ ಬಂದ್ರ... ಅದು ಸತ್ತವರ ಮನಿಗೆ ಕೊಡೋದಂತ್ರಿ."

ತಾಯವ್ವ ಆ ಹಳೆಯ ವಿಡಿಯೊ ತೆಗೆದು ತೋರಿಸಿದಳು. ಮುದುಕಿಯ ಹಿಂದಿನ ಗೋಡೆಯ ಮೇಲಿದ್ದ ಅಕ್ಷರಗಳನ್ನು ಕಂಡೊಡನೆ ಫುಮಿಕೊಗೆ ಎಲ್ಲ ತಿಳಿಯಿತು. ವಿಡಿಯೊ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗಿತ್ತು. ಆ ಅಕ್ಷರ ಓದಲು ಬಾರದ ತಾಯವ್ವನಿಗೆ ಅದು ಹೇಗೆ ಗೊತ್ತಾಗಬೇಕು? ಎಡವನ್ನು ಬಲವೆಂದು, ಬಲವನ್ನು ಎಡವೆಂದು ಕಲಿತುಬಿಟ್ಟಿದ್ದಳು.

ನಾಲ್ಕು ವರ್ಷ! ಅದೆಷ್ಟು ಮದುಮಕ್ಕಳು! ಮೊದಲು ನೆನಪಾದವಳು ಅಕ್ಕನ ಮಗಳು ಜಯಶ್ರೀ. ಅವಳ ಧಾರೆಸೀರೆಯನ್ನೂ ತಾಯವ್ವನೇ ಸುತ್ತಿದ್ದಳು. ಮದುವೆಯಾಗಿ ಮೂರು ತಿಂಗಳಿಗೆ ಜಯಶ್ರೀಯ ಗಂಡ ಬೈಕಿನಿಂದ ಬಿದ್ದು ತೀರಿಕೊಂಡಿದ್ದ.

ಮರುದಿನ ಊಟವೂ ಸೇರದೆ ಹುನಗುಂದದ ಬಸ್ಸು ಹತ್ತಿ, ಅಲ್ಲಿಂದ ಕಮತಗಿಗೆ ಹೋದಳು. ಜಯಶ್ರೀ ಹೊಲಿಗೆ ಮಷಿನ್ ಮುಂದೆ ಕೂತಿದ್ದಳು. ತಾಯವ್ವ ಬಾಗಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು.

"ನನ್ನ ಕೈಯಾಗಿನ ಕಾಗದ ನಿನ್ನ ಬಾಳೇ ನುಂಗ್ತಲ್ಲವ್ವಾ!"

ಜಯಶ್ರೀ ಮಷಿನ್ ನಿಲ್ಲಿಸಿದಳು.

"ಚಿಗವ್ವ, ಅಂವಾ ಸತ್ತದ್ದು ಹೆಲ್ಮೆಟ್ ಇಲ್ಲದ್ದಕ್ಕ. ಡಾಕ್ಟರ್ ಹೇಳಿದ್ದು ನೀನೂ ಕೇಳೀದಿ. ಆದ್ರ ಹೆಣಾ ಎತ್ತೂಕಿಂತ ಮೊದ್ಲ ಮಂದಿ ಏನಂದ್ರು ಗೊತ್ತೈತೇನು? ಹುಡಿಗಿ ಕಾಲ್ಗುಣ ಅಂದ್ರು."

ಜಯಶ್ರೀ ಮಷಿನ್ನಿನ ದಾರ ಕತ್ತರಿಸಿ ಬೆರಳಿಗೆ ಸುತ್ತಿಕೊಂಡಳು.

"ನೀನೂ ಅಂದಿದ್ದಿ. ಅಡಗಿ ಮನ್ಯಾಗ. ನಾ ಗ್ವಾಡಿ ಈಚಿ ಕಡೆ ಕುಂತಿದ್ನಿ."

ತಾಯವ್ವನಿಗೆ ಸಿಡಿಲು ಬಡಿದಂತಾಯಿತು. ಹೌದು, ಅಂದಿದ್ದಳು. ಅಂದದ್ದನ್ನು ಅಂದೇ ಮರೆತಿದ್ದಳು. ಈ ಹುಡುಗಿ ಮಾತ್ರ ಅದನ್ನು ಹೊತ್ತುಕೊಂಡೇ ಹಬ್ಬಕ್ಕೂ ಹುಣ್ಣಿಮೆಗೂ ತನ್ನ ಮನೆಗೆ ಬಂದು, ಚಿಗವ್ವ ಎಂದು ಕರೆದು, ಊಟ ಮಾಡಿ ಹೋಗಿದ್ದಳು.

"ತಪ್ಪಾತವ್ವ," ಎಂದಳು ತಾಯವ್ವ.

"ಕಾಗದಕ್ಕ ಅಳಬ್ಯಾಡ," ಎಂದು ಜಯಶ್ರೀ ಎದ್ದು ನೀರು ಕೊಟ್ಟಳು. ಕ್ಷಮಿಸಿದೆ ಎನ್ನಲಿಲ್ಲ. ಚಹಾಕ್ಕಿಟ್ಟಳು.

ಈಗ ತಾಯವ್ವ ಬಲ ಮೇಲೆ ಬರುವಂತೆಯೇ ಮಡಚುತ್ತಾಳೆ. ಗಿರಾಕಿಗಳಿಗಾಗಲಿ ಜಾಫರಸಾಬರಿಗಾಗಲಿ ಏನೂ ವ್ಯತ್ಯಾಸ ಕಂಡಿಲ್ಲ. ತಿಂಗಳಿಗೊಮ್ಮೆ, ಭಾನುವಾರ, ಕಮತಗಿಗೆ ಹೋಗುತ್ತಾಳೆ. ಜಯಶ್ರೀ ಹೊಲಿಯುತ್ತಾಳೆ, ತಾಯವ್ವ ಗುಂಡಿ ಹಚ್ಚುತ್ತಾಳೆ.